ಒಡವೆಯ ಬೆನ್ನು

ಸಾಗರ
ಶ್ರಾವಣ ಮಾಸ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದ. ನೀನು ಬರೆದು ಕಳಿಸಿದ ಒಡವೆಯ ಚಿತ್ರಗಳೆಲ್ಲ ಬಂದವು. ಮೊಬೈಲಿನಲ್ಲಿ ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ ಅಂತ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿದೆ. ನಿನ್ನ ದೊಡ್ಡಮ್ಮ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿದಳು. "ಚೆಂದ ಇದೆ. ಆದರೆ ಇದನ್ನ ಹಾಕ್ಕೊಂಡು ಬಗ್ಗೋದು ಹೇಗೆ?" ಅಂದಳು. ನಾನು ಬರೆಯಬೇಕು ಅಂದುಕೊಂಡಿದ್ದರಲ್ಲಿ ಅರ್ಧ ಅಲ್ಲೇ ಮುಗಿಯಿತು.

ದೇಹ, ಒಡವೆ, ನಂಟು. ಕೊನೆಯ ವರ್ಷದ ಕೆಲಸಕ್ಕೆ ಒಳ್ಳೆಯ ವಿಷಯವನ್ನೇ ಆರಿಸಿಕೊಂಡಿದ್ದೀಯ. ಅದರ ಬಗ್ಗೆ ನೀನು ಬರೆದ ಎರಡು ಪುಟವನ್ನೂ ಓದಿದೆ. ಮಾತು ಸ್ವಲ್ಪ ಜಾಸ್ತಿ ದೊಡ್ಡದಾಯ್ತು. ನನಗೆ ಆ ಮಾತು ಬರುವುದಿಲ್ಲ. ಅಕ್ಕಸಾಲಿಯಾಗಿ ಅಗ್ಗಿಷ್ಟಿಕೆ ಮುಂದೆ ಕೂತು ಬೆನ್ನು ಬಗ್ಗಿದ್ದರಿಂದ ತಿಳಿದಿದ್ದಷ್ಟನ್ನು ಹೇಳುತ್ತೇನೆ. ಬೇಕಾದ್ದು ಇಟ್ಟುಕೋ, ಬೇಡದ್ದು ಬಿಡು.

ನಿನ್ನ ಚಿತ್ರಗಳೆಲ್ಲ ಮುಂದುಗಡೆಯವು. ಒಂದರ ಹಿಂಬದಿಯನ್ನೂ ನೀನು ಬರೆದಿಲ್ಲ. ಸರ ಕತ್ತಿನ ಹಿಂದೆ ಎಲ್ಲಿ ಕೂಡುತ್ತದೆ, ಓಲೆಯ ತಿರುಪು ಎಷ್ಟು ಉದ್ದ, ಪದಕದ ಬೆನ್ನು ಎದೆಗೆ ಎಲ್ಲಿ ತಾಗುತ್ತದೆ, ಏನೂ ಇಲ್ಲ. ಮುಂದಿನ ಮುಖ ನೋಡುವವರದ್ದು. ಹಿಂದಿನ ಮುಖ ಹಾಕಿಕೊಂಡವರದ್ದು. ದೇಹದ ಬಗ್ಗೆ ಕೆಲಸ ಮಾಡುತ್ತೇನೆ ಅಂತ ಹೊರಟವಳು ಬೆನ್ನಿನಿಂದ ಶುರು ಮಾಡಬೇಕು. ಈ ಪತ್ರದಲ್ಲಿ ನಾನು ಹೇಳುವುದೆಲ್ಲ ಇದೊಂದೇ. ಉಳಿದದ್ದು ಯಾಕೆ, ಹೇಗೆ ಅನ್ನುವುದು.

ರಿಪೇರಿಗೆ ಬಂದ ಹಳೇ ಒಡವೆಯನ್ನು ನಾನು ಮೊದಲು ಮಗುಚಿ ನೋಡುತ್ತೇನೆ. ಉಂಗುರ ಅಂಗೈ ಕಡೆ ಸವೆದಿರುತ್ತದೆ. ಬಿಂದಿಗೆ ಹಿಡಿದ ಕೈಯದ್ದು ಒಂದು ರೀತಿ, ಪೆನ್ನು ಹಿಡಿದ ಕೈಯದ್ದು ಇನ್ನೊಂದು ರೀತಿ. ಸರದ ಕೊಕ್ಕೆ ಒಂದೇ ಪಕ್ಕ ತೆಳ್ಳಗಾಗಿದ್ದರೆ ಹಾಕಿಕೊಂಡವರು ಯಾವ ಮಗ್ಗುಲಿಗೆ ಮಲಗುತ್ತಾರೆ ಅಂತಲೂ ಹೇಳಬಹುದು. ಒಮ್ಮೆ ಹಳ್ಳಿಯ ಮನೆಯೊಂದರಿಂದ ಕಾಸಿನ ಸರ ಬಂದಿತ್ತು. ಅದರಲ್ಲಿ ಇಕ್ಕೇರಿ ವರಹ ಅನ್ನುವ ಹಳೇ ಚಿನ್ನದ ನಾಣ್ಯಗಳೂ ಇದ್ದವು. ಮುಂದೆ ಶಿವ ಪಾರ್ವತಿ ಕೂತಿದ್ದು ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ನಾಗರಿ ಅಕ್ಷರ ಮಾತ್ರ ಪೂರಾ ಮಾಸಿಹೋಗಿತ್ತು. ಕೆಳದಿಯ ಅರಸರು ಅಚ್ಚು ಹಾಕಿಸಿದ ಅಕ್ಷರವನ್ನು ಆ ಮನೆಯ ಹೆಂಗಸರ ಎದೆ, ಸೆರಗು, ಬೆವರು ಸೇರಿ ತಲೆಮಾರುಗಟ್ಟಲೆ ಉಜ್ಜಿ ಅಳಿಸಿದ್ದವು. ಸೊಸೆ "ಪಾಲಿಶ್ ಮಾಡಿಕೊಡಿ" ಅಂದಳು. ಅಂಟುವಾಳದ ನೀರಲ್ಲಿ ತೊಳೆದು ಕೊಟ್ಟೆ, ಅಷ್ಟೇ. ಬೆನ್ನನ್ನು ಮುಟ್ಟಲಿಲ್ಲ.

ಇದು ನನ್ನೊಬ್ಬನ ಹುಚ್ಚು ಅಂದುಕೊಳ್ಳಬೇಡ. ದಕ್ಷಿಣ ಆಫ್ರಿಕಾದ ಬ್ಲೋಂಬೋಸ್ ಗುಹೆಯಲ್ಲಿ ಸುಮಾರು 75,000 ವರ್ಷ ಹಳೆಯ ಸಣ್ಣ ಸಣ್ಣ ಶಂಖದ ಚಿಪ್ಪುಗಳು ಸಿಕ್ಕಿವೆ. ಒಂದೊಂದಕ್ಕೂ ತೂತು. ತೂತು ಅಲೆಯ ಹೊಡೆತಕ್ಕೂ ಬೀಳಬಹುದಲ್ವಾ? ಇವನ್ನು ಮನುಷ್ಯರೇ ಪೋಣಿಸಿದ್ದರು ಅಂತ ಪರಿಣತರು ಹೇಳುವುದಕ್ಕೆ ಒಂದು ಮುಖ್ಯ ಕಾರಣ ಸವೆತ. ದಾರಕ್ಕೆ, ಪಕ್ಕದ ಮಣಿಗೆ, ಮೈಗೆ ಉಜ್ಜಿ ಉಜ್ಜಿ ನುಣುಪಾದ ಗುರುತು ಅಲ್ಲಿತ್ತು. ಅಂದವಾಗಿ ಕಂಡಿದ್ದಕ್ಕಲ್ಲ, ಸವೆದಿದ್ದಕ್ಕೆ ಅದು ಒಡವೆ ಅಂತ ಗೊತ್ತಾಯಿತು. ನಿನ್ನ ಪುಟದಲ್ಲಿ ಈ ಸಂಗತಿ ಹಾಕಿಕೋ. ನಿನ್ನ ಮೇಷ್ಟ್ರಿಗೂ ಹಿಡಿಸಬಹುದು.

ಈಗ ಕಿವಿಗೆ ಬರುತ್ತೇನೆ. ನೀನು ಬರೆದ ದೊಡ್ಡ ಜುಮಕಿಯ ಅಳತೆ ನೋಡಿದೆ. ತೆಳು ತಗಡಿನಲ್ಲಿ ಮಾಡಿದರೂ ಭಾರ ಆಗುತ್ತದೆ. ಕಿವಿಯ ಹಾಲೆಯಲ್ಲಿ ಮೂಳೆ ಇಲ್ಲ, ಮೆದುಮೂಳೆಯೂ ಇಲ್ಲ. ಬರೀ ಚರ್ಮ, ಕೊಬ್ಬು. ಭಾರ ಬಿದ್ದರೆ ತೂತು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ. ಕೊನೆಗೆ ಯಾವುದೋ ಮಗು ಕೈಹಾಕಿ ಎಳೆದ ದಿನ ಹರಿಯುತ್ತದೆ. ಅಂಥ ಕಿವಿಯವರು ನನ್ನ ಹತ್ತಿರ ಬಂದು "ಏನಾದ್ರೂ ಮಾಡಿ" ಅನ್ನುತ್ತಾರೆ. ನಾನೇನು ಮಾಡಲಿ? ಹರಿದ ಕಿವಿಗೆ ಡಾಕ್ಟರ ಹೊಲಿಗೆಯೇ ಬೇಕು. ಅಕ್ಕಸಾಲಿಯ ಬೆಸುಗೆ ಅಲ್ಲಿ ನಡೆಯುವುದಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ಮಾಟಿ ಯಾಕೆ ಬಂತು ಅಂದುಕೊಂಡಿದ್ದೀಯ? ಜುಮಕಿಯಿಂದ ಹೊರಟು ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕಿಸುವ ಆ ಸರಪಳಿ ಭಾರವನ್ನು ಹಾಲೆಯಿಂದ ಎತ್ತಿ ತಲೆಗೂದಲಿಗೆ ದಾಟಿಸುತ್ತದೆ. ಈಗ ಮದುವೆ ಮನೆಗಳಲ್ಲಿ ಅದನ್ನು ಅಂದಕ್ಕೆ ಅಂತ ಜೋತುಬೀಳುವ ಹಾಗೆ ಸಡಿಲ ಬಿಡುತ್ತಾರೆ. ಸಡಿಲ ಬಿಟ್ಟ ಮಾಟಿ ಭಾರ ಹೊರುವುದಿಲ್ಲ, ಭಾರ ಸೇರಿಸುತ್ತದೆ. ಇನ್ನು ನಮ್ಮವರು ಗುಂಡುಗಳನ್ನು ಟೊಳ್ಳಾಗಿ ಮಾಡಿ ಒಳಗೆ ಅರಗು ತುಂಬುತ್ತಿದ್ದರು. ಚಿನ್ನ ಉಳಿಯಿತು ಅನ್ನುವುದು ಒಂದು. ಕತ್ತಿಗೆ ಹಗುರ ಆಯಿತು ಅನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಗಿರಾಕಿಗೆ ಮೊದಲನೆಯದರ ಮೇಲೇ ಅನುಮಾನ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆಯನ್ನೇ ಕಟ್ಟಿಬಿಟ್ಟಿದ್ದಾರಲ್ಲ.

ಕಿವಿ ಚುಚ್ಚುವುದನ್ನು ನೀನು ಒಮ್ಮೆ ಹತ್ತಿರ ಕೂತು ನೋಡಬೇಕು. ಮಗು ಸೋದರಮಾವನ ತೊಡೆಯ ಮೇಲೆ ಕೂತಿರುತ್ತದೆ. ಅಮ್ಮ ಮುಖ ಆಚೆ ತಿರುಗಿಸಿರುತ್ತಾಳೆ. ನಾನು ಮೊದಲು ಎರಡೂ ಹಾಲೆಗೆ ಒಂದೊಂದು ಚುಕ್ಕೆ ಇಡುತ್ತೇನೆ. ಸ್ಕೇಲ್ ಹಿಡಿದು ಅಳೆದರೆ ಕೆಟ್ಟಿತು. ಯಾರ ಎರಡು ಕಿವಿಯೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಮಗುವಿನ ಎದುರು ಕೂತು, ಅದರ ಕಣ್ಣು, ಬಾಯಿ ನೋಡಿ, ಕಣ್ಣಂದಾಜಿನಲ್ಲೇ ಚುಕ್ಕೆಯನ್ನು ಒಂದು ಕೂದಲೆಳೆ ಮೇಲೆ ಕೆಳಗೆ ಸರಿಸಬೇಕು. ತುದಿ ಚೂಪು ಮಾಡಿದ ಚಿನ್ನದ ತಂತಿ ಒಳಗೆ ಹೋಗುವುದಕ್ಕೆ ಒಂದು ಗಳಿಗೆ ಸಾಕು. ಮಗು ಉಸಿರು ಹಿಡಿದು, ಆಮೇಲೆ ಕಿರುಚುತ್ತದೆ. ಅಷ್ಟರಲ್ಲಿ ತಂತಿ ಬಗ್ಗಿಸಿ ಸುತ್ತು ಹಾಕಿ ಮುಗಿಸಿರಬೇಕು. ಮನುಷ್ಯರ ಮೈಗೂ ಒಡವೆಗೂ ಮೊದಲ ಪರಿಚಯ ಹೀಗೆ, ನೋವಿನಲ್ಲಿ, ಇನ್ನೊಬ್ಬರ ತೊಡೆಯ ಮೇಲೆ ಆಗುತ್ತದೆ. ನಂಟು ಅಂತ ನೀನು ಬರೆದಿದ್ದರಲ್ಲಿ ಇದು ಇರಲಿಲ್ಲ. ಅಲ್ಲಿ ಪ್ರೀತಿ ಮಾತ್ರ ಇತ್ತು.

ಕಿವಿಯ ಮಾತು ಬಂದಾಗಲೇ ಇನ್ನೊಂದು ಹೇಳಿಬಿಡುತ್ತೇನೆ. ಓಲೆಗೆ ಜರ್ಮನ್ ಸಿಲ್ವರ್ ಅಂತ ಬರೆದಿದ್ದೀಯ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ಸತು, ನಿಕ್ಕಲ್ ಅಷ್ಟೇ. ನಿಕ್ಕಲ್ ಬಹಳ ಜನರ ಚರ್ಮಕ್ಕೆ ಆಗುವುದಿಲ್ಲ. ತುರಿಸುತ್ತದೆ, ಕೆಂಪಾಗುತ್ತದೆ, ನೀರು ಸೋರುತ್ತದೆ. ಒಮ್ಮೆ ಮೈ ಬೇಡ ಅಂದರೆ ಆಮೇಲೆ ಜನ್ಮವಿಡೀ ಬೇಡ. ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. ಚುಚ್ಚಿದ ತೂತಿನಲ್ಲಿ ಇರುವ ಭಾಗ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕ್ಕಲ್ ಬಿಡಬಾರದು. ಮುಂದಿನ ಹೂವನ್ನು ಯಾವುದರಲ್ಲಾದರೂ ಮಾಡು. ಮೈಯೊಳಗೆ ಹೋಗುವ ಕಡ್ಡಿ ಮಾತ್ರ ಚಿನ್ನ ಇರಲಿ, ಆಗದಿದ್ದರೆ ಟೈಟಾನಿಯಂ ಇರಲಿ. ಬೆಸುಗೆಗೆ ಕ್ಯಾಡ್ಮಿಯಂ ಇರುವ ಪುಡಿ ಯಾರಾದರೂ ಕೊಟ್ಟರೆ ತಗೊಳ್ಳಬೇಡ. ಅದರ ಹೊಗೆ ವಿಷ. ಹಾಕಿಕೊಳ್ಳುವವರ ಮೈ ಕಾಯುವ ಮೊದಲು ನಿನ್ನ ಎದೆಗೂಡು ಕಾಯಬೇಕು.

ಬಳೆಯ ಚಿತ್ರದಲ್ಲಿ ನೀನು ಮಣಿಕಟ್ಟಿನ ಸುತ್ತಳತೆ ಬರೆದಿದ್ದೀಯ. ಮುಚ್ಚಿದ ಬಳೆಗೆ ಅದು ಬೇಕಾಗುವುದಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿದಾಗ ಗೆಣ್ಣುಗಳ ಅಗಲ ಎಷ್ಟೋ ಅದೇ ಬಳೆಯ ಅಳತೆ. ಬಳೆಯವರು ಎರಡು-ನಾಲ್ಕು, ಎರಡು-ಆರು ಅಂತ ಹೇಳುವುದು ಒಳಗಿನ ಅಡ್ಡಳತೆ. ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರನೇ ಭಾಗ ನಾಲ್ಕೋ ಆರೋ. ಎರಡು-ನಾಲ್ಕು ಅಂದರೆ ಸುಮಾರು 57 ಮಿಲಿಮೀಟರ್. ಈ ಲೆಕ್ಕ ನೀನು ಗೂಗಲ್‌ನಲ್ಲಿ ನೋಡಿಕೊಳ್ಳಬಹುದು. ನೋಡಲಾಗದ್ದು ಬಳೆಗಾರನ ಕೈ. ಮೂರು ವರ್ಷಕ್ಕೊಮ್ಮೆ ಇಲ್ಲಿ ಮಾರಿಕಾಂಬಾ ಜಾತ್ರೆ ಆಗುತ್ತದಲ್ಲ, ಆಗ ಬಳೆ ಅಂಗಡಿ ಸಾಲಿನಲ್ಲಿ ಸುಮ್ನೆ ನಿಂತು ನೋಡು. ಗುರುತು ಪರಿಚಯ ಇಲ್ಲದ ಹೆಂಗಸಿನ ಕೈಯನ್ನು ಆತ ಹಿಡಿದುಕೊಳ್ಳುತ್ತಾನೆ. ಹೆಬ್ಬೆರಳಿನ ಬುಡವನ್ನು ಮೆತ್ತಗೆ ಒತ್ತುತ್ತಾನೆ. ಏನೋ ಮಾತಾಡಿಸುತ್ತಾನೆ, ಊರು ಯಾವುದು, ಮಕ್ಕಳೆಷ್ಟು. ಅವಳು ಉತ್ತರ ಕೊಡುವಾಗ ಕೈ ಸಡಿಲ ಬಿಡುತ್ತಾಳೆ. ಬಳೆ ಆಗ ದಾಟುತ್ತದೆ. ಬಿಗಿ ಹಿಡಿದ ಕೈಗೆ ಗಾಜಿನ ಬಳೆ ಹೋಗುವುದಿಲ್ಲ, ಒಡೆಯುತ್ತದೆ. ನಿನ್ನ ಪ್ರಾಜೆಕ್ಟಿನ ಮೂರೂ ಮಾತು ಆ ಒಂದು ಗಳಿಗೆಯಲ್ಲಿ ಇವೆ.

ಇಲ್ಲಿಯ ಕೈಗಳ ಬಗ್ಗೆಯೂ ಯೋಚನೆ ಮಾಡು. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳು ಚೊಗರು ಹತ್ತಿ ಕಪ್ಪಾಗಿರುತ್ತದೆ. ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ. ಕತ್ತಿಗೆ ಸಿಕ್ಕೀತು ಅಂತ ಬಳೆ ಮೇಲೇರಿಸಿ ಬಟ್ಟೆ ಕಟ್ಟುತ್ತಾರೆ, ಉಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕುತ್ತಾರೆ. ಆ ಕೈಗೆ ಒಂದು ಉಂಗುರ ಬರೆ ನೋಡೋಣ. ನೀನು ಕಳಿಸಿದ ಫೋಟೋಗಳಲ್ಲಿ ಉಂಗುರ ಹಾಕಿಕೊಂಡ ಕೈಗಳೆಲ್ಲ ಯಾವ ಕೆಲಸವನ್ನೂ ಮಾಡಿದ ಹಾಗೆ ಕಾಣುವುದಿಲ್ಲ. ಕಾಲುಂಗುರ ನೋಡು, ಎಷ್ಟು ಜಾಣತನದ ವಸ್ತು. ಕೆಳಗೆ ಬಾಯಿ ಬಿಟ್ಟಿರುತ್ತದೆ, ಕಾಲು ಊದಿದರೆ ಅದೂ ಅಗಲವಾಗುತ್ತದೆ, ಗದ್ದೆ ಕೆಸರಿನಲ್ಲೂ ಬಿದ್ದುಹೋಗುವುದಿಲ್ಲ. ಅದನ್ನು ಮೊದಲು ಮಾಡಿದವರು ಹೆಂಗಸರ ಪಾದವನ್ನು ಕೈಯಲ್ಲಿ ಹಿಡಿದು ನೋಡಿದ್ದರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಬೆನ್ನಿನ ಕೆಲಸ ನನಗೆ ಕಲಿಸಿದ್ದು ಕರಡಿಗೆ ಅನ್ನುವ ಪುಟ್ಟ ಡಬ್ಬಿ. ನಿನ್ನ ಅಜ್ಜ ಇಷ್ಟಲಿಂಗದ ಬೆಳ್ಳಿ ಕರಡಿಗೆ ಮಾಡುವುದರಲ್ಲಿ ಎತ್ತಿದ ಕೈ. ಅದು ಶಿವದಾರದಲ್ಲಿ ಎದೆಯ ಮೇಲೆ ಹಗಲೂ ರಾತ್ರಿ ಇರುವ ವಸ್ತು. ಅಂಗಿಯ ಒಳಗೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಹಾಗಾದರೆ ಅಂದ ಯಾರಿಗೆ? ಪೂಜೆಗೆ ಕೂತಾಗ ಮುಚ್ಚಳ ತೆರೆದು ಲಿಂಗವನ್ನು ಎಡ ಅಂಗೈಗೆ ತಗೊಳ್ಳುವ ಆ ಒಬ್ಬರಿಗೆ. ಅಜ್ಜ ಮುಚ್ಚಳ ಕೂಡುವ ಅಂಚನ್ನು ಅರದಿಂದ ಉಜ್ಜಿ, ಕೆನ್ನೆಗೆ ಒತ್ತಿ ನೋಡು ಅನ್ನುತ್ತಿದ್ದರು. ಬೆರಳ ತುದಿ ಒರಟಾಗಿರುತ್ತದೆ, ಸಣ್ಣ ಮುಳ್ಳು ಗೊತ್ತಾಗುವುದಿಲ್ಲ. ಕೆನ್ನೆಗೆ ಗೊತ್ತಾಗುತ್ತದೆ. ಈಗಲೂ ನಾನು ಪದಕದ ಬೆನ್ನು, ಓಲೆಯ ತಿರುಪು ಎಲ್ಲವನ್ನೂ ಕೆನ್ನೆಗೆ ಒತ್ತಿಯೇ ಕೊಡುವುದು. ಗಿರಾಕಿಗಳು ನಗುತ್ತಾರೆ. ನಗಲಿ.

ವಿದೇಶದ ಕಲಾವಿದರ ಫೋಟೋ ಕಳಿಸಿದ್ದು ಒಳ್ಳೆಯದಾಯ್ತು. ಡಚ್ ಕಲಾವಿದ ಗೈಸ್ ಬಕ್ಕರ್ 1973ರಲ್ಲಿ ಮಾಡಿದ್ದು ನನಗೆ ತುಂಬ ಹಿಡಿಸಿತು. ಚಿನ್ನದ ತಂತಿಯನ್ನು ತೋಳಿಗೆ ಬಿಗಿಯಾಗಿ ಸುತ್ತಿ, ಆಮೇಲೆ ತೆಗೆದು, ಮೈಮೇಲೆ ಉಳಿದ ಗುರುತನ್ನೇ ಒಡವೆ ಅಂದಿದ್ದಾರೆ. ನಿನ್ನ ದೊಡ್ಡಮ್ಮನಿಗೆ ತೋರಿಸಿದೆ. ಅವಳು ತನ್ನ ಉಂಗುರ ಜಾರಿಸಿ ಬೆರಳಿನ ಬುಡದ ಬಿಳಿ ಗೆರೆ ತೋರಿಸಿ "ನನ್ನ ಹತ್ರಾನೂ ಇದೆ" ಅಂದಳು. ಸ್ವಿಸ್ ಮೂಲದ ಓಟ್ಟೋ ಕ್ಯೂನ್ಸ್ಲಿ 1980ರಲ್ಲಿ ಮಾಡಿದ ಕರಿ ರಬ್ಬರ್ ಬಳೆ ಇದೆಯಲ್ಲ, ಒಳಗೆ ಚಿನ್ನದ ಗುಂಡು ಅಡಗಿಸಿಟ್ಟಿದ್ದು, ಅದನ್ನು ನೋಡಿ ನನಗೆ ನಗು ಬಂತು. ನಮ್ಮ ಗಿರಾಕಿ ಅದನ್ನು ಒಪ್ಪುತ್ತಾರಾ? ಇಲ್ಲಿ ಹಳೇ ಚಿನ್ನ ಕರಗಿಸಿ ಹೊಸದು ಮಾಡಲು ಕೊಟ್ಟವರು ಬೆಳಗಿನಿಂದ ಸಂಜೆವರೆಗೆ ಮೂಸೆ ಮುಂದೆಯೇ ಕೂರುತ್ತಾರೆ. ಅನುಮಾನವೂ ಹೌದು. ಅದಕ್ಕಿಂತ ಜಾಸ್ತಿ, ಅಮ್ಮನ ಚಿನ್ನ ಅಮ್ಮನದ್ದೇ ಆಗಿ ಉಳಿಯಲಿ ಅನ್ನುವ ಆಸೆ. ಕರಗಿದ ಮೇಲೆ ಯಾವ ಚಿನ್ನ ಯಾರದ್ದು ಅಂತ ನನಗೂ ಗೊತ್ತಾಗುವುದಿಲ್ಲ. ಅವರಿಗೆ ಮಾತ್ರ ಗೊತ್ತಿರುತ್ತದೆ, ಯಾಕೆಂದರೆ ಅವರು ಕಣ್ಣು ಮುಚ್ಚದೆ ಕೂತಿದ್ದರು. ಈಗ 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಚಿನ್ನದ ಒಡವೆಗೆ ಆರು ಅಕ್ಷರ-ಅಂಕಿಯ ಗುರುತು ಇರಲೇಬೇಕು. ಒಳ್ಳೆಯದೇ. ಎಷ್ಟು ಶುದ್ಧ ಅಂತ ಅದು ಹೇಳುತ್ತದೆ, ಯಾರ ಅಮ್ಮನದ್ದು ಅಂತ ಹೇಳುವುದಿಲ್ಲ.

ಅದೇ ಕ್ಯೂನ್ಸ್ಲಿಯ ಇನ್ನೊಂದು ಕೆಲಸದಿಂದ ನೀನು ಸ್ಫೂರ್ತಿ ತಗೊಂಡಿದ್ದೀಯ. ಎರಡು ಉಂಗುರ, ನಡುವೆ ಒಂದು ನೇರ ಕಡ್ಡಿ, ಇಬ್ಬರು ಸೇರಿ ಹಾಕಿಕೊಳ್ಳಬೇಕು. ನೋಡಿದ ಕೂಡಲೇ ಅರ್ಥವಾಗುತ್ತದೆ. ಹತ್ತಿರ ಬರಲೂ ಬಿಡುವುದಿಲ್ಲ, ದೂರ ಹೋಗಲೂ ಬಿಡುವುದಿಲ್ಲ. ನಮ್ಮ ಮದುವೆಯಲ್ಲಿ ಸೆರಗಿಗೂ ಶಲ್ಯಕ್ಕೂ ಗಂಟು ಹಾಕುತ್ತಾರಲ್ಲ, ಅದನ್ನು ಕೆಲ ಹೊತ್ತಿನಲ್ಲಿ ಬಿಚ್ಚುತ್ತಾರೆ. ಬಿಚ್ಚುವ ಗಂಟೇ ನನಗೆ ಇಷ್ಟ. ಇರಲಿ.

ನಿನ್ನ ಚಿತ್ರಗಳಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಕೊನೆಯದು. ಒಬ್ಬರೇ ಹಾಕಿಕೊಳ್ಳಲು ಆಗದ ಸರ. ಕೊಂಡಿ ಬೆನ್ನಿನ ನಡುವಿಗೆ ಬರುತ್ತದೆ, ಇನ್ನೊಬ್ಬರು ಹಾಕಲೇಬೇಕು. ಹಿಂಬದಿಯನ್ನು ನೀನು ಯೋಚನೆಯಲ್ಲಾದರೂ ಮುಟ್ಟಿದ್ದು ಅಲ್ಲೊಂದೇ ಕಡೆ. ಮನೆಯಲ್ಲಿ ಮದುವೆಗೆ ಹೊರಡುವಾಗ ಹೆಂಗಸರು ಒಬ್ಬರ ಹಿಂದೆ ಒಬ್ಬರು ನಿಂತು ಕೊಕ್ಕೆ ಹಾಕುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಜಡೆ ಪಕ್ಕಕ್ಕೆ ಸರಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅತ್ತೆ ಸೊಸೆಗೆ ಹಾಕುತ್ತಾಳೆ. ಬೆಳಿಗ್ಗೆ ಇಬ್ಬರಿಗೂ ಮಾತು ಬಿಟ್ಟಿದ್ದರೂ ಹಾಕುತ್ತಾಳೆ. ಆ ಬೆರಳು ಕತ್ತಿಗೆ ತಾಗುವ ಗಳಿಗೆಯನ್ನು ನೀನು ಹಿಡಿಯಬೇಕು ಅಂದುಕೊಂಡಿದ್ದೀಯ. ಸರಿ.

ಆದರೆ ಇಲ್ಲೊಂದು ತಕರಾರು ಇದೆ. ನಮ್ಮ ಕಡೆಯ ಮನೆಗಳ ಸ್ಥಿತಿ ನಿನಗೆ ಗೊತ್ತು. ಎಂಟು ಅಂಕಣದ ಮನೆ, ಒಳಗೆ ಒಬ್ಬರೋ ಇಬ್ಬರೋ ವಯಸ್ಸಾದವರು, ಮಕ್ಕಳೆಲ್ಲ ಬೆಂಗಳೂರು, ಅಮೆರಿಕ. ಹೊಳೆ ಆಚೆಯ ಒಬ್ಬ ಅಜ್ಜಿ ತನ್ನ ಎರಡೆಳೆ ಸರ ಹಿಡಿದುಕೊಂಡು ಅಂಗಡಿಗೆ ಬಂದಿದ್ದರು. ಗಂಡ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಸರಕ್ಕೆ ಏನೂ ಆಗಿರಲಿಲ್ಲ. "ಕೊಕ್ಕೆ ಹಾಕೋರಿಲ್ಲ, ಅದಕ್ಕೇ ಹಾಕ್ಕೊಳ್ಳೋದು ಬಿಟ್ಟಿದ್ದೀನಿ" ಅಂದರು. ಗಂಟುಬಿದ್ದ ಬೆರಳುಗಳು ಕತ್ತಿನ ಹಿಂದೆ ಹೋಗುತ್ತಿರಲಿಲ್ಲ. ಯಾರೋ ಅಯಸ್ಕಾಂತದ ಕೊಂಡಿ ಹಾಕಿಸಿ ಅಂದಿದ್ದರಂತೆ. ನಾನು ಕೇಳಿದೆ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ ಅಂತ. ಇತ್ತು. ಅದರ ಹತ್ತಿರ ಅಯಸ್ಕಾಂತ ತರಬಾರದು. ಈ ಪ್ರಶ್ನೆಯನ್ನು ನೀನೂ ಕೇಳಲು ಕಲಿ.

ಏನು ಮಾಡಿದೆ ಹೇಳಲಾ? ಕೊಂಡಿಯನ್ನು ಹಿಂದಿನಿಂದ ತೆಗೆದು ಮುಂದೆ ತಂದೆ. ಕತ್ತಿನ ಗುಳಿಯಿಂದ ಸ್ವಲ್ಪ ಕೆಳಗೆ, ಕಣ್ಣಿಗೆ ಕಾಣುವ ಜಾಗ. ಒಂದು ಪಕ್ಕ ಪುಟ್ಟ ಬಳೆ, ಇನ್ನೊಂದು ಪಕ್ಕ ಅದರೊಳಗೆ ಅಡ್ಡ ಕೂರುವ ದಪ್ಪ ಕಡ್ಡಿ. ಕಡ್ಡಿಯನ್ನು ಉದ್ದುದ್ದ ತೂರಿಸಿ ಬಿಟ್ಟರೆ ತಾನೇ ಅಡ್ಡ ತಿರುಗಿ ನಿಲ್ಲುತ್ತದೆ, ಒತ್ತಬೇಕಾಗಿಲ್ಲ, ತಿರುಪಬೇಕಾಗಿಲ್ಲ. ಕಡ್ಡಿಯ ಎರಡು ತುದಿಗೆ ಸಣ್ಣ ಮೊಗ್ಗು ಮಾಡಿದೆ, ಬೆರಳಿಗೆ ಸಿಗಲಿ ಅಂತ. ಸರದ ಹಳೇ ಪದಕವನ್ನು ಆ ಪುಟ್ಟ ಬಳೆಯ ಕೆಳಗೆ ತೂಗಿಸಿದೆ. ಅದರ ಭಾರಕ್ಕೆ ಕಡ್ಡಿ ಜಾರದೆ ಬಿಗಿಯಾಗಿಯೇ ಇರುತ್ತದೆ. ಅಜ್ಜಿ ಅಂಗಡಿಯ ಕನ್ನಡಿ ಮುಂದೆ ತಾವೇ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಈಗ ಅವರ ಮೊಮ್ಮಗಳಿಗೂ ಅಂಥದ್ದೇ ಬೇಕಂತೆ, ಅವಳ ಬೆರಳು ಗಟ್ಟಿಯಾಗಿಯೇ ಇವೆ.

ಹಾಗಾಗಿ ನಿನ್ನ ಸರ ಬೇಡ ಅನ್ನುತ್ತಿಲ್ಲ. ಮಾಡು. ಆದರೆ ಇನ್ನೊಬ್ಬರು ಬೇಕೇ ಬೇಕು ಅಂತ ಹಟ ಹಿಡಿಯುವ ಒಡವೆ ಒಂಟಿಯಾಗಿ ಇರುವವರ ಮುಖಕ್ಕೆ ಹೊಡೆದಂತೆ ಆಗಬಾರದು. ಎರಡು ಕಡೆ ಕೊಂಡಿ ಇಡು. ಹಿಂದೆ ಒಂದು, ಯಾರಾದರೂ ಇದ್ದರೆ. ಮುಂದೆ ಒಂದು, ಇಲ್ಲದಿದ್ದರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗಬಾರದು. ಇದು ಕಷ್ಟದ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ.

ಒಡವೆ ಬೇಡ ಅಂದವರನ್ನೂ ನೆನೆಯದೆ ನಿನ್ನ ವಿಷಯ ಪೂರ್ತಿಯಾಗುವುದಿಲ್ಲ. ಅಕ್ಕಮಹಾದೇವಿಯ ಊರು ಉಡುತಡಿ ನಮ್ಮ ಜಿಲ್ಲೆಯಲ್ಲೇ ಇದೆ, ಶಿಕಾರಿಪುರದ ಕಡೆ. ಒಡವೆ, ಬಟ್ಟೆ ಎಲ್ಲ ಬಿಟ್ಟು ಕೂದಲನ್ನೇ ಹೊದ್ದು ಹೊರಟಳು ಅನ್ನುತ್ತಾರೆ. ಅದೇ ತಾಲ್ಲೂಕಿನ ಬಳ್ಳಿಗಾವಿಯಿಂದ ದಾಸೋಜ ಅನ್ನುವ ಶಿಲ್ಪಿ ಬೇಲೂರಿಗೆ ಹೋಗಿ, 1117ರ ಚೆನ್ನಕೇಶವ ಗುಡಿಗೆ ಮೈತುಂಬ ಒಡವೆ ಹಾಕಿಕೊಂಡ ಮದನಿಕೆಯರನ್ನು ಕಡೆದ. ಅವನ ಮಗ ಚಾವಣನೂ ಕಡೆದ. ಮದನಿಕೆ ಸೊಂಟ ಬಾಗಿಸಿದ ಕಡೆಗೇ ಅವಳ ಹಾರ ಜಾರಿರುತ್ತದೆ, ಗಮನಿಸಿದ್ದೀಯಾ? ಕಲ್ಲಿನಲ್ಲೂ ಭಾರ ಎತ್ತ ಇಳಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಒಂದೇ ಶತಮಾನ, ಒಂದೇ ಸೀಮೆ. ಒಬ್ಬರು ಕಲ್ಲಿಗೂ ಒಡವೆ ಹಾಕಿದರು, ಒಬ್ಬಳು ಮೈಯಿಂದಲೂ ತೆಗೆದಳು. ಇಬ್ಬರಿಗೂ ನಿನ್ನ ಪುಟದಲ್ಲಿ ಜಾಗ ಇರಲಿ.

ತಾನಾಗಿ ಬಿಡುವುದು ಬೇರೆ, ಊರವರು ತೆಗೆಸುವುದು ಬೇರೆ. ನಿನ್ನ ಅಜ್ಜ ಹೋದಾಗ ನೀನಿನ್ನೂ ಹುಟ್ಟಿರಲಿಲ್ಲ. ಹನ್ನೊಂದನೇ ದಿನದ ಹೊತ್ತಿಗೆ ನನ್ನ ಅಮ್ಮನ ಕೈಬಳೆ ಒಡೆದರು, ತಾಳಿ ತೆಗೆಸಿದರು. ಅಜ್ಜನೇ ತನ್ನ ಕೈಯಾರೆ ಮಾಡಿ ಕಟ್ಟಿದ್ದ ತಾಳಿ ಅದು. ಅಮ್ಮ ಒಂದು ಮಾತೂ ಆಡಲಿಲ್ಲ. ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಆ ತಾಳಿಯ ಎರಡು ಗುಂಡುಗಳನ್ನು ನನ್ನ ಮುಂದೆ ಇಟ್ಟು, "ಇದಕ್ಕೆ ಕಡ್ಡಿ ಬೆಸೆದು ಕಿವಿಗೆ ಮಾಡಿಕೊಡು" ಅಂದರು. ಕರಗಿಸಬಾರದು, ಉಜ್ಜಲೂಬಾರದು, ಹಾಗೇ ಇರಬೇಕು ಅಂದರು. ಒಳಗಿನ ಅರಗು ಬೆಂಕಿಗೆ ಕರಗಿ ಸೋರುತ್ತದೆ, ಆದ್ದರಿಂದ ಮೊದಲು ಅದನ್ನು ತೆಗೆದು, ಬಿಳಿಗಾರ ಹಚ್ಚಿ, ಊದುಕೊಳವೆಯಲ್ಲಿ ಅತಿ ಸಣ್ಣ ಉರಿ ಕೊಟ್ಟು ಬೆಸೆದೆ. ಕೊನೆಯವರೆಗೂ ಅವರು ಅದನ್ನೇ ಹಾಕಿಕೊಂಡಿದ್ದರು. ಬಂದವರು "ಹೊಸ ಓಲೆಯಾ?" ಅಂತ ಕೇಳಿದರೆ "ಹಳೇದೇ" ಅನ್ನುತ್ತಿದ್ದರು. ಎದೆಯಿಂದ ತೆಗೆಸಿದ್ದು ಕಿವಿಗೆ ಬಂದಿದ್ದನ್ನು ಊರವರು ಯಾರೂ ಗುರುತಿಸಲಿಲ್ಲ. ಅದು ಈಗ ನಿನ್ನ ಅಮ್ಮನ ಪೆಟ್ಟಿಗೆಯಲ್ಲಿದೆ. ಕೇಳಿ ತೆಗೆಸಿಕೊಂಡು, ಗುಂಡಿನ ಬೆನ್ನಲ್ಲಿ ಬೆಸುಗೆಯ ಗುರುತು ನೋಡು.

ಇಷ್ಟೆಲ್ಲ ಓದಿ ನೀನು ಎಲ್ಲವನ್ನೂ ಚಿನ್ನದಲ್ಲಿ ಮಾಡಲು ಹೊರಡಬೇಡ. ಇಲ್ಲಿಯ ಗುಡಿಗಾರರು ಬೆಂಡಿನಲ್ಲಿ ಬಾಸಿಂಗ ಮಾಡುತ್ತಾರೆ. ಮದುಮಕ್ಕಳ ಹಣೆಗೆ ಅದು ಒಂದು ದಿನದ ಮಟ್ಟಿಗೆ, ಹಣೆಗೆ ಭಾರವೇ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ನಿನ್ನ ದೊಡ್ಡಮ್ಮ ಮುಡಿಯುವ ಡೇರೆ ಹೂವಿಗೆ ಅಷ್ಟೂ ಆಯಸ್ಸಿಲ್ಲ. ಅವೂ ಒಡವೆಯೇ. ಮಾದರಿ ಮಾಡಲು ನೀನು ಮೊದಲು ತಾಮ್ರದ ತಂತಿ ಬಳಸು. ಬೆಳ್ಳಿಗೆ ಆಮೇಲೆ ಬಾ. ಈ ಹವೆಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ, ಅದನ್ನೂ ಲೆಕ್ಕಕ್ಕೆ ತಗೋ. ಕಪ್ಪು ಎಲ್ಲಿ ಹಿಡಿಯುತ್ತದೆ, ಎಲ್ಲಿ ಮೈಗೆ ಉಜ್ಜಿ ಬೆಳ್ಳಗೇ ಉಳಿಯುತ್ತದೆ ಅನ್ನುವುದೇ ನಿನಗೆ ಒಂದು ನಕ್ಷೆ.

ಮಾಡಿದ ಮಾದರಿಯನ್ನು ಗೊಂಬೆಯ ಕತ್ತಿಗೆ ಹಾಕಿ ಫೋಟೋ ತೆಗೆಯುವ ಮೊದಲು ನೀನೇ ಒಂದು ವಾರ ಹಾಕಿಕೋ. ಅದರಲ್ಲೇ ಮಲಗು, ತಲೆಗೆ ನೀರು ಹಾಕು, ಬಸ್ಸಿನಲ್ಲಿ ನಿಂತು ಹೋಗು. ಎಲ್ಲಿ ಕೆರೆಯಿತು, ಎಲ್ಲಿ ಕೂದಲು ಸಿಕ್ಕಿತು ಅಂತ ಬರೆದಿಡು. ಆಮೇಲೆ ನಿನಗಿಂತ ದಪ್ಪ ಇರುವವರಿಗೆ, ವಯಸ್ಸಾದವರಿಗೆ, ಮಗು ಎತ್ತಿಕೊಂಡಿರುವವರಿಗೆ ಕೊಟ್ಟು ನೋಡು. ಅವರು ಚೆನ್ನಾಗಿದೆ ಅಂದರೆ ನಂಬಬೇಡ. ತೆಗೆದ ಕೂಡಲೇ ಅವರ ಕೈ ಯಾವ ಜಾಗವನ್ನು ನೀವಿಕೊಳ್ಳುತ್ತದೆ ಅಂತ ನೋಡು. ತಪ್ಪು ಅಲ್ಲಿದೆ.

ದೀಪಾವಳಿಗೆ ಬರುವಷ್ಟರಲ್ಲಿ ಎರಡು ಕೊಂಡಿಯ ಆ ಸರದ ಹಿಂಬದಿಯ ಚಿತ್ರ ತಯಾರಾಗಿರಲಿ. ಮುಂದುಗಡೆಯದ್ದು ಬೇಡ. ಇಲ್ಲಿ ಕೂತು ತಂತಿಯಲ್ಲಿ ಬಗ್ಗಿಸಿ ನೋಡೋಣ. ತಂತಿ ಎಳೆಯುವ ಕಂಬಚ್ಚು, ಇಕ್ಕಳ ಎಲ್ಲ ನನ್ನ ಹತ್ತಿರ ಇವೆ. ಬೆಂಗಳೂರಿನಿಂದ ಬರುವಾಗ ಸೂಜಿ ಅರದ ಒಂದು ಸೆಟ್ ತಾ, ಇಲ್ಲಿ ಸಿಗುವುದು ಬೇಗ ಮೊಂಡಾಗುತ್ತದೆ. ದುಡ್ಡು ನಿನ್ನ ಅಪ್ಪನ ಹತ್ತಿರ ಕೊಟ್ಟಿದ್ದೇನೆ, ಅವನು ಮರೆತಿರುತ್ತಾನೆ, ಕೇಳಿ ಇಸಿದುಕೋ.

ಇತಿ ನಿನ್ನ
ದೊಡ್ಡಪ್ಪ